ದ್ವಿತೀಯಾರ್ಧದ ಬಾಜಿ, ಹನ್ನೊಂದು ನಿಮಿಷದ ಮೌನ

ಜನವರಿ ೧೪, ಮಂಗಳವಾರ

ಇವತ್ತು ವಾಲಿ ಕ್ರಂಪ್ಟನ್ ಅವರ ಅಂತ್ಯಕ್ರಿಯೆಯ ನಡುವೆ ಎದ್ದುಹೋಗಿ ಡೆಟ್ರಾಯಿಟ್ ತಂಡದ ಮೇಲೆ ಇಪ್ಪತ್ತು ಡಾಲರ್ ಬಾಜಿ ಕಟ್ಟಿದೆ. ಗೆದ್ದೆ. ಇನ್ನೊಬ್ಬರ ಹತ್ತಿರ ಹೇಳುವ ವಿಷಯವಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ನನ್ನದಲ್ಲ, ಭೂಮಿಯದು. ಅಮೆರಿಕದವರು ಸಂಜೆ ಬ್ಯಾಸ್ಕೆಟ್‌ಬಾಲ್ ಆಡಲು ಇಳಿದರೆ ಇಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಮರುದಿನ ಬೆಳಗಿನ ಹನ್ನೊಂದು ಗಂಟೆ. ಪೆಂಗ್ವಿನ್ ಎಂಬ ನಮ್ಮ ಊರಿನಲ್ಲಿ ಸತ್ತವರನ್ನು ಕಳಿಸಿಕೊಡುವುದೂ ಅದೇ ಹೊತ್ತಿಗೆ. ಹನ್ನೊಂದೂವರೆಗೆ ಶುರು ಮಾಡಿದರೆ ಒಂದು ಗಂಟೆಗೆ ಎಲ್ಲರ ಕೈಗೂ ಸ್ಯಾಂಡ್‌ವಿಚ್ ಬರುತ್ತದೆ. ಆಟದ ವಿರಾಮ ಹನ್ನೆರಡರ ಸುಮಾರಿಗೆ, ಹದಿನೈದೇ ನಿಮಿಷ. ದ್ವಿತೀಯಾರ್ಧದ ಬಾಜಿಯನ್ನು ಆ ಹದಿನೈದು ನಿಮಿಷದೊಳಗೆ ಕಟ್ಟಬೇಕು. ಆಟ ಶುರುವಾದ ಮೇಲೆ ಇಂಟರ್‌ನೆಟ್‌ನಲ್ಲಿ ಕಟ್ಟುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಫೋನ್ ಮಾಡಿ ಬಾಯಲ್ಲಿ ಹೇಳಿದರೆ ಸರಿ. ಯಾಕೆ ಎಂದು ನನ್ನನ್ನು ಕೇಳಿದರೆ ಉಪಯೋಗವಿಲ್ಲ. ನಾನು ಕಾನೂನು ಪಾಲಿಸುವವಳು, ಫೋನ್ ಮಾಡಿದೆ.

ಪಾದ್ರಿ ಬೇಡ ಎನ್ನುವ ಮನೆಯವರು ಅಂತ್ಯಕ್ರಿಯೆ ನಡೆಸಿಕೊಡಲು ನನ್ನನ್ನು ಕರೆಸುತ್ತಾರೆ. ಹನ್ನೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಸತ್ತವರ ಬಗ್ಗೆ ನಾಲ್ಕು ಮಾತು, ಎರಡು ಹಾಡು, ಕೊನೆಗೆ ಗುಂಡಿ ಒತ್ತಿದರೆ ಪೆಟ್ಟಿಗೆಯ ಮುಂದೆ ಪರದೆ ಮುಚ್ಚಿಕೊಳ್ಳುತ್ತದೆ. ಒಂದು ದಿನವೂ ನಡುವೆ ಎದ್ದುಹೋದವಳಲ್ಲ. ಇವತ್ತು ವಾಲಿಯವರ ತಮ್ಮನ ಭಾಷಣ ಮುಗಿಯುವಷ್ಟರಲ್ಲಿ ಗಡಿಯಾರ ನೋಡಿದೆ, ಹನ್ನೆರಡೂ ಮೂರು. "ಈಗ ವಾಲಿಯವರನ್ನು ಮೌನವಾಗಿ ನೆನೆಯೋಣ" ಎಂದು ಬಾಯಿಂದ ಬಂದುಬಿಟ್ಟಿತು. ಹಾಳೆಯಲ್ಲಿ ಅದು ಇರಲಿಲ್ಲ. ಎಲ್ಲರೂ ತಲೆ ತಗ್ಗಿಸಿದ ಕೂಡಲೇ ಹೂವಿನ ಬಕೆಟ್‌ಗಳಿರುವ ಪಕ್ಕದ ಕೋಣೆಗೆ ಹೋದೆ. ವಾಪಸ್ ಬಂದಾಗ ಏಳು ನಿಮಿಷ ಆಗಿತ್ತು, ನಲವತ್ತು ಜನ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಅಂತ್ಯಕ್ರಿಯೆ ಮಂದಿರದ ಮಾಲೀಕ ಕ್ಲೈವ್ ಆಮೇಲೆ ಬಂದು ನನ್ನ ಕೈ ಹಿಡಿದುಕೊಂಡ. "ಲಿನ್, ಆ ಮೌನ ಎಲ್ಲಿಂದ ತಂದೆ ಮಾರಾಯ್ತಿ? ಇಪ್ಪತ್ತು ವರ್ಷದಲ್ಲಿ ನಾನು ಒಂದ್ಸಲನೂ ಅತ್ತಿಲ್ಲ."

ನಾನು ಜೂಜುಗಾರ್ತಿಯಲ್ಲ, ಅದನ್ನೂ ಬರೆದಿಡುತ್ತೇನೆ. ಜೂಜುಗಾರರು ಪೂರ್ತಿ ಆಟದ ಮೇಲೆ ಕಟ್ಟುತ್ತಾರೆ. ನನ್ನದು ಅರ್ಧ. ಆ ಅರ್ಧದ ಚಂದವೇ ಬೇರೆ. ಮೊದಲರ್ಧದಲ್ಲಿ ಒಂದು ತಂಡ ಮೂವತ್ತು ಪಾಯಿಂಟ್ ಹಿಂದೆ ಬಿದ್ದು ಮಣ್ಣುಮುಕ್ಕಿರಲಿ, ಎರಡನೆಯ ಅರ್ಧದ ಬಾಜಿಗೆ ಅದು ಲೆಕ್ಕಕ್ಕೇ ಇಲ್ಲ. ಇಬ್ಬರೂ ಸೊನ್ನೆಯಿಂದ ಶುರು.

ಜನವರಿ ೨೩, ಗುರುವಾರ

ಇವತ್ತಿನ ಅಂತ್ಯಕ್ರಿಯೆಯಲ್ಲಿ ಮೌನ ಒಂಬತ್ತು ನಿಮಿಷಕ್ಕೆ ಹೋಯಿತು. ಫೋನ್ ಸಾಲಿನಲ್ಲಿ ನನ್ನ ಮುಂದೆ ಆರು ಜನ ಇದ್ದರು, ನಾನೇನು ಮಾಡಲಿ.

ದೇಶದ ಇನ್ನೊಂದು ತುದಿಯ ಡಾರ್ವಿನ್‌ನಲ್ಲಿ ಕೂತು ಬಾಜಿ ಬರೆದುಕೊಳ್ಳುವ ಹುಡುಗಿಯ ಹೆಸರು ರೋವೆನಾ. ಮೂರನೆಯ ಸಲ ಅವಳೇ ಸಿಕ್ಕಿದಳು.

"ಏನಮ್ಮಾ ಲಿನ್, ಹಿಂದೆ ಯಾರೋ ಬಿಕ್ಕಿ ಬಿಕ್ಕಿ ಅಳ್ತಿದಾರೆ. ಆಸ್ಪತ್ರೇಲಿದ್ದೀಯಾ?"

"ಇಲ್ಲಪ್ಪ, ಕೆಲಸದಲ್ಲಿದ್ದೀನಿ."

"ಏನು ಕೆಲಸ?"

ಹೇಳಿದೆ. "ಪೆಟ್ಟಿಗೆ ಅಲ್ಲೇ ಇದೆಯಾ?" ಎಂದು ಪಿಸುಗುಟ್ಟಿದಳು.

"ಗೋಡೆಯ ಆಚೆ ಇದೆ."

"ಅಯ್ಯೋ ದೇವರೇ. ಸರಿ, ಷಾರ್ಲೆಟ್ ದ್ವಿತೀಯಾರ್ಧ, ಎರಡೂವರೆ ಪಾಯಿಂಟ್ ಬಿಟ್ಟುಕೊಟ್ಟು, ನಲವತ್ತು ಡಾಲರ್. ಹೌದು ಅಂತ ಬಾಯಿಬಿಟ್ಟು ಹೇಳು, ರೆಕಾರ್ಡ್ ಆಗ್ಬೇಕು."

ಹೌದು ಎಂದೆ. ಸೋತೆ. ಎರಡೂವರೆ ಬಿಟ್ಟುಕೊಟ್ಟ ಮೇಲೆ ಷಾರ್ಲೆಟ್ ತಂಡ ಆ ಅರ್ಧವನ್ನು ಮೂರು ಪಾಯಿಂಟ್‌ನಿಂದಾದರೂ ಗೆಲ್ಲಬೇಕಿತ್ತು, ಗೆಲ್ಲಲಿಲ್ಲ. ಷಾರ್ಲೆಟ್‌ನ ತರಬೇತುದಾರ ವಿರಾಮಕ್ಕೆ ಹೋಗುವಾಗ ಕೋಟು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡದ್ದನ್ನು ಫೋನಿನಲ್ಲಿ ನೋಡಿದ್ದೆ. ಕೋಟು ಬಿಚ್ಚಿದವರ ತಂಡ ಆಮೇಲೆ ಎದ್ದು ಕೂರುತ್ತದೆ ಎಂಬುದು ನನ್ನ ಲೆಕ್ಕಾಚಾರ. ಲೆಕ್ಕಾಚಾರ ಸರಿಯೇ ಇದೆ, ಅವನಿಗೆ ಬರೀ ಸೆಕೆಯಾಗಿದ್ದಿರಬೇಕು.

ಜನವರಿ ೩೧, ಶುಕ್ರವಾರ

ಬಿಸಿನೀರಿನ ಬಾಯ್ಲರ್ ಕೆಟ್ಟಿದೆ. ಈ ಕಡಲ ತೀರದಲ್ಲಿ ತಣ್ಣೀರಿನ ಸ್ನಾನ ಮೈಗೆ ಬಹಳ ಒಳ್ಳೆಯದು ಎಂದು ಓದಿದ ನೆನಪು. ಹೊಸದಕ್ಕೆ ಎತ್ತಿಟ್ಟಿದ್ದ ಹಣ ಸದ್ಯ ಬೇರೆ ಕಡೆ ಓಡಾಡುತ್ತಿದೆ.

ಪಕ್ಕದೂರು ಅಲ್ವರ್‌ಸ್ಟನ್‌ನಿಂದ ಒಂದು ಮನೆಯವರು ಫೋನ್ ಮಾಡಿದ್ದರು. "ನಮ್ಮಮ್ಮನಿಗೂ ಆ ಮೌನ ಬೇಕು, ಎಷ್ಟು ನಿಮಿಷದ್ದು ಮಾಡ್ತೀರಿ?" ಹನ್ನೊಂದು ಎಂದೆ. ಫೋನ್ ಸಾಲಿಗೆ ಒಂಬತ್ತು, ಬಕೆಟ್‌ಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಬರುವುದಕ್ಕೆ ಎರಡು.

ಫೆಬ್ರವರಿ ೬, ಗುರುವಾರ

ಆಗಬಾರದ್ದು ಆಯಿತು. ಇಲ್ಲ, ಆದದ್ದನ್ನೇ ಸರಿಯಾಗಿ ಬರೆಯುತ್ತೇನೆ.

ಕಸಾಯಿ ಅಂಗಡಿಯ ನೆವಿಲ್ ಗ್ಯಾಟಿಯವರ ಅಂತ್ಯಕ್ರಿಯೆ. ಮಂದಿರ ತುಂಬಿತ್ತು, ಹಿಂದೆ ಜನ ನಿಂತಿದ್ದರು. ಹನ್ನೆರಡೂ ಐದಕ್ಕೆ ಮೌನ ಶುರು ಮಾಡಿ ಪಕ್ಕದ ಕೋಣೆಗೆ ಹೋದೆ. ಕ್ಲೈವ್ ಹೊಸದಾಗಿ ಕೊಂಡ ಮೈಕು, ಕೊರಳ ಪಟ್ಟಿಗೆ ಸಿಕ್ಕಿಸುವಂಥದ್ದು, ಸಿಕ್ಕಿಸಿಕೊಂಡಿದ್ದೆ. ಅದನ್ನು ಆರಿಸಬೇಕೆಂಬುದು ತಲೆಗೇ ಬರಲಿಲ್ಲ.

ಇನ್ನೂರು ಜನ ತಲೆ ತಗ್ಗಿಸಿ ಕೂತಿರುವಾಗ ಚಾವಣಿಯಿಂದ ನನ್ನ ಧ್ವನಿ ಇಳಿಯಿತಂತೆ: "ರೋವೆನಾ, ಇಂಡಿಯಾನಾ ದ್ವಿತೀಯಾರ್ಧ, ನಾಲ್ಕೂವರೆ ಬಿಟ್ಟುಕೊಡ್ತೀನಿ, ನೂರು ಡಾಲರ್. ಬೇಗ ಬೇಗ, ಹೆಣ ಕಾಯ್ತಿದೆ."

ಹೊರಗೆ ಬಂದಾಗ ಎಲ್ಲರ ಕಣ್ಣೂ ನನ್ನ ಮೇಲೆ. ಕ್ಲೈವ್ ಗೋಡೆಗೆ ಆತುಕೊಂಡು ಬಿಳಿಚಿದ್ದ. ಏನಾಗಿದೆ ಎಂದು ನನಗೆ ತಿಳಿಯುವಷ್ಟರಲ್ಲಿ ಮುಂದಿನ ಸಾಲಿನಿಂದ ನೆವಿಲ್‌ನ ಭಾವಮೈದುನ ಕೆನ್ ಎದ್ದು ನಿಂತ. ಮೂರು ಅಳತೆ ಚಿಕ್ಕ ಕೋಟಿನಲ್ಲಿ ಕೆಂಪಗೆ ಊದಿಕೊಂಡಿದ್ದ ಮನುಷ್ಯ.

"ನಾಲ್ಕೂವರೆ ಬಿಟ್ಟುಕೊಟ್ಯಾ?" ಎಂದ. "ನಿಂಗೇನು ತಲೆ ಕೆಟ್ಟಿದೆಯಾ? ಇಂಡಿಯಾನಾದ ಆ ಉದ್ದನೆಯವನು ನಾಲ್ಕು ಫೌಲ್ ಮಾಡ್ಕೊಂಡು ಹೊರಗೆ ಕೂತಿದಾನೆ."

"ಅವನು ಹೊರಗಿದ್ರೇನೇ ಅವ್ರು ಚೆನ್ನಾಗಿ ಆಡೋದು" ಎಂದು ಹಿಂದಿನಿಂದ ಯಾರೋ ಹೇಳಿದರು.

"ಯಾವನೋ ಅವನು ಹೇಳಿದ್ದು?"

ನೆವಿಲ್‌ನ ಹೆಂಡತಿ ಊನಾ ನಿಧಾನವಾಗಿ ತಿರುಗಿದಳು. ನನ್ನ ಹನ್ನೆರಡು ವರ್ಷದ ಕೆಲಸ ಮುಗಿಯಿತು ಎಂದುಕೊಂಡೆ.

"ನೆವಿಲ್ ಇದ್ದಿದ್ರೆ ಅವ್ನೂ ಇಂಡಿಯಾನಾ ಮೇಲೇ ಹಾಕ್ತಿದ್ದ" ಎಂದಳು ಊನಾ. "ಬ್ಯಾಸ್ಕೆಟ್‌ಬಾಲ್ ಅಂದ್ರೇನು ಅಂತ ಅವನಿಗೆ ಗೊತ್ತಿರ್ಲಿಲ್ಲ. ಆದ್ರೂ ಹಾಕ್ತಿದ್ದ. ಕ್ಲೈವ್, ಆ ಫೋಟೋ ತೋರಿಸ್ತೀಯಲ್ಲ ಟೀವಿ, ಅದ್ರಲ್ಲಿ ಆಟ ಬರುತ್ತಾ ನೋಡು."

ಬಂತು. ನೆವಿಲ್ ಮೀನು ಹಿಡಿದು ನಿಂತಿದ್ದ ಚಿತ್ರ ಹೋಗಿ ಇಂಡಿಯಾನಾ ಬಂತು. ಸ್ಯಾಂಡ್‌ವಿಚ್ ತಟ್ಟೆಗಳು ಒಳಗೇ ಬಂದವು. ಪೆಟ್ಟಿಗೆಯ ಮೇಲೆ ಯಾರೂ ಲೋಟ ಇಡಲಿಲ್ಲ, ಅಷ್ಟರಮಟ್ಟಿಗೆ ಮರ್ಯಾದೆ ಉಳಿಯಿತು. ಇಂಡಿಯಾನಾ ಐದು ಪಾಯಿಂಟ್‌ನಿಂದ ದ್ವಿತೀಯಾರ್ಧ ಗೆದ್ದಾಗ ಇನ್ನೂರು ಜನ ಎದ್ದು ನಿಂತರು. ನಾನು ಗುಂಡಿ ಒತ್ತಿದೆ, ಪರದೆ ಮುಚ್ಚಿಕೊಂಡಿತು. ಇಷ್ಟು ಸಂತೋಷವಾಗಿ ಯಾರೂ ನಮ್ಮ ಮಂದಿರದಿಂದ ಹೋಗಿರಲಿಲ್ಲ.

ಸಂಜೆ ಕ್ಲೈವ್ ಫೋನ್ ಮಾಡಿದ. "ಲಿನ್, ನಿನ್ನ ಮೇಲೆ ನಂಗೆ ಎಷ್ಟು ಸಿಟ್ಟು ಬಂದಿದೆ ಅಂದ್ರೆ ಹೇಳಕ್ಕಾಗಲ್ಲ. ಮೂರು ಮನೆಯವರು ಬಂದು ಬುಕ್ ಮಾಡಿ ಹೋಗಿದಾರೆ. ಒಬ್ಬರಿನ್ನೂ ಸತ್ತೇ ಇಲ್ಲ."

ಫೆಬ್ರವರಿ ೧೨, ಬುಧವಾರ

ಈಗ ಸತ್ತವರ ಹೆಸರಿನಲ್ಲಿ ಬಾಜಿ. ಸೋಮವಾರ ಗ್ರಂಥಪಾಲಕಿಯಾಗಿದ್ದ ಮಿಸ್ ಓಲ್ಡ್‌ರಾಯ್ಡ್. ಅವರ ಸೋದರಸೊಸೆಯರು ಯೂಟಾ ತಂಡವೇ ಬೇಕೆಂದರು, ಅತ್ತೆಗೆ ಆ ಹೆಸರಿನ ಉಚ್ಚಾರಣೆ ಇಷ್ಟವಂತೆ. ಯೂಟಾದ ಆಟಕ್ಕೆ ಹೊಂದುವಂತೆ ಅಂತ್ಯಕ್ರಿಯೆಯನ್ನೇ ಎರಡು ಗಂಟೆಗೆ ಸರಿಸಿದೆವು. ಗೆದ್ದರು. ಗೆದ್ದ ಹಣದಲ್ಲಿ ಎಲ್ಲರಿಗೂ ಮಸಾಲೆ ಹಾಕಿದ ಸ್ಕ್ಯಾಲಪ್ ಚಿಪ್ಪುಮೀನಿನ ಕಡುಬು ಕೊಡಿಸಿದರು.

ಇವತ್ತು ಬಡಗಿ ಡಗ್ಲಸ್ ಪೈಲ್ ಹೆಸರಿನಲ್ಲಿ ಒರ್ಲ್ಯಾಂಡೊ. ಸೋತಿತು, ಅದೂ ಹೀನಾಯವಾಗಿ. ಕ್ಷಮೆ ಕೇಳಲು ಹೋದೆ. ಡಗ್ಲಸ್‌ನ ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು. "ಅವನದೇ ಕೈಗುಣ ಕಣೇ. ಸತ್ರೂ ಹೋಗಿಲ್ಲ ನೋಡು."

ಕ್ಲೈವ್ ಕಚೇರಿಯ ಗೋಡೆಗೆ ಅಮೆರಿಕದ ಆಟಗಳ ವೇಳಾಪಟ್ಟಿ ಅಂಟಿಸಿದ್ದಾನೆ. ವೈದ್ಯರ ಮರಣ ಪ್ರಮಾಣಪತ್ರಗಳ ಪಕ್ಕದಲ್ಲೇ.

ಮನೆಯವರ ಬಾಜಿ ಒಂದು ಕರೆ, ನನ್ನದು ಇನ್ನೊಂದು. ನನ್ನದರ ವಿಷಯ ಇಲ್ಲಿ ಬರೆಯುವಂಥ ವಿಶೇಷವೇನಿಲ್ಲ.

ಫೆಬ್ರವರಿ ೧೮, ಮಂಗಳವಾರ

ಈ ವಾರ ಆಟವೇ ಇಲ್ಲ. ಅಲ್ಲಿನ ಆಟಗಾರರಿಗೆಲ್ಲ ರಜೆಯಂತೆ. ಭಾನುವಾರ ಬೇಲಿ ಕತ್ತರಿಸಿದೆ. ಸೋಮವಾರ ಕತ್ತರಿಸಲು ಏನೂ ಉಳಿದಿರಲಿಲ್ಲ, ಪಕ್ಕದ ಮನೆಯವರದ್ದನ್ನು ಕತ್ತರಿಸಿದೆ. ಅವರು ಕೇಳಿರಲಿಲ್ಲ.

ಇವತ್ತಿನ ಅಂತ್ಯಕ್ರಿಯೆಗೆ ಮೌನ ಬೇಕೆಂದಿದ್ದರು, ಬಾಜಿ ಬೇಡ ಎಂದಿದ್ದರು. ಹನ್ನೆರಡೂ ಐದಕ್ಕೆ ಮೌನ ಶುರು ಮಾಡಿ, ಮೈಕು ಆರಿಸಿ, ಕಾಲು ಕರೆದುಕೊಂಡುಹೋದ ಹಾಗೆ ಬಕೆಟ್ ಕೋಣೆಗೆ ಹೋದೆ. ಫೋನನ್ನೂ ಮಾಡಿದೆ. ಸಾಲಿನಲ್ಲಿ ಯಾರೂ ಇರಲಿಲ್ಲ.

"ಲಿನ್, ಇವತ್ತು ಆಟ ಇಲ್ವಲ್ಲ" ಎಂದಳು ರೋವೆನಾ.

"ಗೊತ್ತು."

"ಗ್ರೇಹೌಂಡ್ ನಾಯಿ ಓಟ ಇದೆ. ಚೀನಾದಲ್ಲಿ ಟೇಬಲ್ ಟೆನಿಸ್ ಇದೆ."

"ನಂಗೆ ದ್ವಿತೀಯಾರ್ಧ ಬಿಟ್ರೆ ಬೇರೆ ಬೇಡ."

"ಅದ್ಯಾಕೆ ಬರೀ ದ್ವಿತೀಯಾರ್ಧ? ಒಂದಿನನೂ ನೀನು ಪೂರ್ತಿ ಆಟಕ್ಕೆ ಹಾಕಿಲ್ಲ."

ಹೊರಗೆ ಐವತ್ತು ಜನ ಉಸಿರಾಡುವುದು ಗೋಡೆಯಾಚೆ ಕೇಳುತ್ತಿತ್ತು. ಹೇಳಿಬಿಟ್ಟೆ. ನನ್ನ ಗಂಡ ಡೆನಿಸ್‌ಗೆ ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ಯಂತ್ರಕ್ಕೆ ಜೋಡಿಸುತ್ತಿದ್ದರು. ಉಳಿದ ದಿನ ಬೆಳಿಗ್ಗೆ ಮಂಚದಲ್ಲಿ ಕೂತು ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದ. ವಿರಾಮದ ಹೊತ್ತಿಗೆ ಸುಸ್ತಾಗಿ ಕಣ್ಣು ಎಳೆಯುತ್ತಿತ್ತು. "ಮಿಕ್ಕಿದ್ದು ನೀನು ನೋಡಿರು, ಎದ್ಮೇಲೆ ಹೇಳು" ಎನ್ನುತ್ತಿದ್ದ. ಎರಡು ವರ್ಷ ನಾನು ದ್ವಿತೀಯಾರ್ಧಗಳನ್ನೇ ನೋಡಿದೆ. ಮೊದಲರ್ಧದಲ್ಲಿ ಅಡುಗೆಮನೆಯಲ್ಲಿರುತ್ತಿದ್ದೆ. ಅವನು ಎದ್ದ ಮೇಲೆ ಯಾರು ಯಾರಿಗೆ ಚೆಂಡು ಕೊಟ್ಟರು ಎಂಬುದರಿಂದ ಹಿಡಿದು ಹೇಳುತ್ತಿದ್ದೆ. ಕೆಲವು ಸಲ ಅವನ ತಂಡ ಸೋತಿದ್ದರೆ ಗೆದ್ದಿತು ಎಂದು ಹೇಳಿದ್ದೂ ಉಂಟು.

"ಅವ್ರಿಗೆ ಗೊತ್ತಾಗ್ತಿರ್ಲಿಲ್ವಾ?"

"ಪೇಪರ್ ಓದ್ತಿದ್ದ ಕಣೇ. ಗೊತ್ತಾಗ್ತಿತ್ತು. ಸುಮ್ನಿರ್ತಿದ್ದ."

ರೋವೆನಾ ದನಿ ತಗ್ಗಿಸಿ ಎಂದಳು: "ಲಿನ್, ಈ ಕರೆ ರೆಕಾರ್ಡ್ ಆಗ್ತಿದೆ, ನಿನಗೆ ಗೊತ್ತಲ್ಲ?"

ಆಗಲಿ. ಎಲ್ಲೋ ಒಂದು ಕಡೆ ಇರಲಿ.

ಫೆಬ್ರವರಿ ೨೭, ಗುರುವಾರ

ಡೆನಿಸ್‌ನ ದೋಣಿ ಮಾರಿದೆ. ಯಾರೂ ಉಪಯೋಗಿಸದ ದೋಣಿ ಅಂಗಳದಲ್ಲಿದ್ದರೆ ಇಲಿ ಸೇರುತ್ತದೆ. ಕೊಂಡುಕೊಂಡವನು ಬಂದಾಗ ಚೌಕಾಸಿ ಮಾಡಲಿಲ್ಲ. ಹನ್ನೆರಡು ಗಂಟೆಯಾಗುತ್ತಿತ್ತು.

ಬೋಸ್ಟನ್. ಸೋತೆ.

ತಣ್ಣೀರು ಈಗ ಅಭ್ಯಾಸವಾಗಿದೆ.

ಮಾರ್ಚ್ ೪, ಮಂಗಳವಾರ

ಪೆಟ್ರೀನಾ ರೂಕ್ ಎಂಬ ಹೆಂಗಸು ಹೋಬರ್ಟ್‌ನಿಂದ ಕ್ಲೈವ್ ಕಚೇರಿಗೆ ಬಂದಿದ್ದಳು. ಅಲ್ಲಿ ಸಿಟಿ ಬಸ್ ಓಡಿಸುತ್ತಾಳೆ. ನಲವತ್ತು ದಾಟಿರಬಹುದು. ಕುರ್ಚಿಯಲ್ಲಿ ಕೂತರೂ ಎದುರಿಗೆ ಸ್ಟೀರಿಂಗ್ ಇರುವವಳ ಹಾಗೆ ಬೆನ್ನು ನೆಟ್ಟಗೆ. ಅವಳ ಅಪ್ಪ ಆಲ್ಬಿ, ಮೀನುಗಾರಿಕೆ ಹಡಗಿನಲ್ಲಿ ಅಡುಗೆಯವನಾಗಿದ್ದವನು, ಶನಿವಾರ ತೀರಿಕೊಂಡ.

"ಅಪ್ಪನ ಬಗ್ಗೆ ಏನು ಹೇಳ್ಬೇಕು ಅಂತೀರಿ?" ಎಂದು ಪೆನ್ನು ತೆಗೆದೆ.

"ಏನೂ ಇಲ್ಲ."

"ಒಂದೆರಡು ಒಳ್ಳೆ ನೆನಪು?"

"ಹುಡುಕ್ದೆ. ಇಲ್ಲಿಗೆ ಬರೋ ನಾಲ್ಕು ಗಂಟೆ ದಾರಿಯಲ್ಲೂ ಹುಡುಕ್ದೆ. ನಾಯಿ ಓಟಕ್ಕೆ ಮನೆ ಹಾಕ್ದ. ಆಮೇಲೆ ಅಮ್ಮನ ಒಡವೆ. ನನ್ನ ಸೈಕಲ್ ಕೂಡ. ಕೆಟ್ಟದ್ದು ಹೇಳಿ ಕಳಿಸೋಕೆ ಇಷ್ಟ ಇಲ್ಲ, ಸುಳ್ಳು ಹೇಳೋಕೂ ಇಷ್ಟ ಇಲ್ಲ. ನಿಮ್ಮ ಹತ್ರ ಒಂದು ಮೌನ ಇದೆಯಂತಲ್ಲ. ಅದನ್ನ ಕೊಡಿ. ಭಾಷಣದ ಬದಲು ಅದೇ ಇರ್ಲಿ."

ಬರೆದುಕೊಂಡೆ. ಅವಳು ಹೋಗಲು ಎದ್ದವಳು ಗೋಡೆಯ ಮೇಲಿನ ವೇಳಾಪಟ್ಟಿ ನೋಡಿದಳು.

"ಬಾಜಿ ಬೇಡ" ಎಂದಳು. "ಇಲ್ಲಿ ಏನೇನು ನಡೆಯುತ್ತೆ ಅಂತ ಕೇಳಿದೀನಿ. ನಂಗೆ ಬೇಡ. ಗೊತ್ತಾಯ್ತಲ್ಲ?"

"ಖಂಡಿತ" ಎಂದೆ.

ಮನಸ್ಸಿನಿಂದಲೇ ಹೇಳಿದೆ. ಅಂತ್ಯಕ್ರಿಯೆ ಶುಕ್ರವಾರ, ಅವತ್ತು ಆಟಗಳೂ ಅಂಥ ವಿಶೇಷವಿಲ್ಲ. ಅಟ್ಲಾಂಟಾ ಒಂದು ಬಿಟ್ಟರೆ.

ಮಾರ್ಚ್ ೭, ಶುಕ್ರವಾರ

ಬಂದಿದ್ದವರು ಪೆಟ್ರೀನಾ, ಕ್ಲೈವ್, ಮತ್ತೆ ಬೇರೆ ಯಾರದೋ ಅಂತ್ಯಕ್ರಿಯೆಗೆ ಬಂದು ದಿನ ತಪ್ಪಿದ ಒಬ್ಬ ಮುದುಕ. ಎದ್ದುಹೋಗಲು ಅವನಿಗೆ ಸಂಕೋಚ, ಕೂತೇ ಇದ್ದ. ಆಲ್ಬಿಯ ಹೆಸರು, ಹುಟ್ಟಿದ ದಿನ, ಹಡಗುಗಳ ಹೆಸರು ಹೇಳಿದೆ. ಒಂದು ಹಾಡು. ಹನ್ನೆರಡೂ ಆರಕ್ಕೆ ಮೌನ.

ಹೋಗಬಾರದೆಂದೇ ಇದ್ದೆ. ಒಂದು ನಿಮಿಷ ಅಲ್ಲೇ ನಿಂತೆ ಕೂಡ. ಜನ ತುಂಬಿದ್ದಾಗ ಮೌನಕ್ಕೆ ಒಂದು ಗದ್ದಲವಿರುತ್ತದೆ, ಮೂಗು ಎಳೆದುಕೊಳ್ಳುವುದು, ಬೆಂಚು ಕಿರುಗುಟ್ಟುವುದು. ಇವತ್ತು ಏನೂ ಇರಲಿಲ್ಲ. ಆ ಮೌನ ನನ್ನ ಕಡೆಗೇ ಬರುವ ಹಾಗಿತ್ತು. ನನಗೆ ಗೊತ್ತಾಗುವಷ್ಟರಲ್ಲಿ ಬಕೆಟ್‌ಗಳ ನಡುವೆ ಇದ್ದೆ, ಫೋನ್ ಕಿವಿಗಿತ್ತು.

"ಲಿನ್, ಇವತ್ತು ಯಾರದ್ದು?"

"ಆಲ್ಬಿ ಅಂತ. ಜನವೇ ಇಲ್ಲ ಪಾಪ, ಮೂರೇ ಜನ."

"ಮೂರೇ ಜನ ಇದ್ರೆ ನೀನು ಇಲ್ಲೇನು ಮಾಡ್ತಿದ್ದೀಯ?"

"ಅಟ್ಲಾಂಟಾ ದ್ವಿತೀಯಾರ್ಧ" ಎಂದೆ. "ಆರೂವರೆ ಬಿಟ್ಟುಕೊಟ್ಟು. ಖಾತೆಯಲ್ಲಿ ಇರೋದಷ್ಟೂ."

"ಅಷ್ಟೂನಾ? ಲಿನ್, ನೀನು ಹೇಳಿದ್ಯಲ್ಲ, ಆ ದೋಣಿ ಮಾರಿದ ದುಡ್ಡಲ್ವಾ ಇದು?"

"ಅಷ್ಟೂ ಹಾಕ್ಬಿಡು."

ಹಿಂದೆ ಬಾಗಿಲು ತೆರೆದದ್ದು ಕೇಳಿಸಿತು. ತಿರುಗಿದೆ. ಪೆಟ್ರೀನಾ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ತನ್ನ ಹಳೆಯ ಬೀದಿಗೆ ಬಂದವರು ನೋಡುವ ಹಾಗೆ ನೋಡುತ್ತಿದ್ದಳು.

"ಅಪ್ಪನೂ ಹೀಗೇ" ಎಂದಳು. "ಗೋಡೆ ಕಡೆ ಮುಖ ಮಾಡ್ಕೊಂಡು ಮಾತಾಡ್ತಿದ್ದ."

ಫೋನಿನಲ್ಲಿ ರೋವೆನಾ, "ಲಿನ್? ಇದ್ದೀಯಾ? ಹೌದು ಅಂತ ಬಾಯಿಬಿಟ್ಟು ಹೇಳ್ಬೇಕು. ಇಲ್ಲಾಂದ್ರೆ ನಾನು ಇದನ್ನ ಹಾಕಲ್ಲ. ಹೇಳ್ದಿದ್ರೂ ಪರವಾಗಿಲ್ಲ. ಕೇಳಿಸ್ತಾ? ಹೇಳ್ದಿದ್ರೂ ಪರವಾಗಿಲ್ಲ."

ಪೆಟ್ರೀನಾ ಕಾಯುತ್ತಿದ್ದಳು. ಡಾರ್ವಿನ್‌ನಲ್ಲಿ ರೋವೆನಾ ಕಾಯುತ್ತಿದ್ದಳು.

ಹೌದು ಎಂದೆ.

ಪೆಟ್ರೀನಾ ಬಾಗಿಲು ಮೆಲ್ಲಗೆ ಮುಚ್ಚಿಕೊಂಡು ಹೋದಳು. ನಾನು ಮಂದಿರಕ್ಕೆ ಬಂದಾಗ ಅವಳೇ ಗುಂಡಿ ಒತ್ತಿಯಾಗಿತ್ತು, ಪರದೆ ಅರ್ಧ ಮುಚ್ಚಿತ್ತು. ದಿನ ತಪ್ಪಿದ ಮುದುಕ ಅಳುತ್ತಿದ್ದ.

ಗೆದ್ದೆ. ಇಷ್ಟು ಹಿಂದೆಂದೂ ಗೆದ್ದಿರಲಿಲ್ಲ.

ಮಾರ್ಚ್ ೮, ಶನಿವಾರ

ಬಾಯ್ಲರ್‌ನವನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಮಾರ್ಚ್ ೧೧, ಮಂಗಳವಾರ

ಪೆಟ್ರೀನಾ ಫೋನ್ ಮಾಡಿದಳು. ಕ್ಲೈವ್‌ಗೆ ದೂರು ಕೊಟ್ಟಿದ್ದಾಳೆ, ನನ್ನ ಕೆಲಸ ಹೋಯಿತು ಎಂದುಕೊಂಡೇ ಎತ್ತಿದೆ.

"ಗುರುವಾರ ಅಪ್ಪನ ಬೂದಿ ಕೊಡ್ತಾರಂತೆ" ಎಂದಳು. "ನಿಮ್ಮೂರ ಬಂಡೆ ಹತ್ರ ಸಮುದ್ರಕ್ಕೆ ಬಿಡ್ತೀನಿ. ನೀವು ಬನ್ನಿ."

"ಪೆಟ್ರೀನಾ, ಅವತ್ತು ನಾನು..."

"ಅದು ನಂಗೆ ಬೇಡ. ಅಂಥದ್ದು ನಾನು ಬೇಕಾದಷ್ಟು ಕೇಳಿದೀನಿ, ನಿಮಗಿಂತ ಚೆನ್ನಾಗಿ ಹೇಳೋನು ನಮ್ಮಪ್ಪ. ಹನ್ನೊಂದು ನಿಮಿಷದ ಮೌನ ಕೊಡ್ತೀನಿ ಅಂದಿದ್ರಿ. ಕೊಟ್ಟಿಲ್ಲ. ಹನ್ನೆರಡು ಗಂಟೆಗೆ ಬನ್ನಿ."

ಹನ್ನೆರಡು ಗಂಟೆಗೇ ಯಾಕೆ ಎಂದು ಕೇಳಲಿಲ್ಲ. ಅವಳು ವೇಳಾಪಟ್ಟಿ ನೋಡಿದ್ದಳಲ್ಲ.

ಕ್ಲೈವ್‌ಗೆ ಅವಳು ಒಂದು ಮಾತೂ ಹೇಳಿಲ್ಲ. ಅದು ದೂರಿಗಿಂತ ಕಷ್ಟವಾಗಿದೆ.

ಮಾರ್ಚ್ ೧೩, ಗುರುವಾರ

ಪೆಟ್ರೀನಾ ಎರಡು ಮಡಚುವ ಕುರ್ಚಿ ತಂದಿದ್ದಳು, ಬೆನ್ನಿಗೆ ಬಸ್ ಡಿಪೋದ ಮುದ್ರೆ ಇತ್ತು. ಬಂಡೆಗಳ ಪಕ್ಕ ಒದ್ದೆ ಮರಳಿನಲ್ಲಿ ಹಾಕಿದಳು. ಬೂದಿ ಇದ್ದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಇಬ್ಬರೂ ಸೇರಿ ಎಳೆದೆವು. ಗಾಳಿ ನಮ್ಮ ಕಡೆಗೇ ಇತ್ತು. ಆಲ್ಬಿಯ ಸ್ವಲ್ಪ ಭಾಗ ಸಮುದ್ರಕ್ಕೆ ಹೋಯಿತು, ಸ್ವಲ್ಪ ನನ್ನ ಕೋಟಿಗೆ ಬಂತು.

"ಕೊಡವಬೇಡಿ" ಎಂದಳು ಪೆಟ್ರೀನಾ. "ಎಲ್ಲಿ ಹೋದ್ರೂ ಅಂಟಿಕೊಳ್ಳೋ ಸ್ವಭಾವ. ತಾನೇ ಹೋಗ್ತಾನೆ."

ಕೂತೆವು. ಅವಳು ಕೈಗಡಿಯಾರ ನೋಡಿ ತಲೆಯಾಡಿಸಿದಳು. ಫೋನ್ ಕಾರಿನಲ್ಲೇ ಉಳಿದಿತ್ತು. ತರಬೇಕೆಂದು ನೆನಪಾಗಿರಲಿಲ್ಲ.

ಮೊದಲು ಕ್ಲೀವ್‌ಲ್ಯಾಂಡ್ ಎಷ್ಟರಲ್ಲಿದೆಯೋ ಎಂದುಕೊಂಡೆ. ಆಮೇಲೆ ಒಂದು ಕಡಲಹಕ್ಕಿ ಬಂದು ಖಾಲಿ ಡಬ್ಬಿಯೊಳಗೆ ತಲೆ ಹಾಕಿ ಸಿಕ್ಕಿಕೊಂಡಿತು. ಡಬ್ಬಿ ಹೊತ್ತುಕೊಂಡೇ ಸ್ವಲ್ಪ ದೂರ ನಡೆದು, ಕೊಡವಿ ಬಿಡಿಸಿಕೊಂಡು, ನಮ್ಮನ್ನೇ ತಪ್ಪಿತಸ್ಥರ ಹಾಗೆ ನೋಡಿ ಹಾರಿತು. ನಾವು ನಗಲಿಲ್ಲ. ನಾಯಿ ಕರೆದುಕೊಂಡು ಹೋಗುತ್ತಿದ್ದ ಒಬ್ಬ ಮನುಷ್ಯ ನಮ್ಮನ್ನು ನೋಡಿ ನಿಂತ. ಏನೆಂದು ಕೇಳಲು ಬಾಯಿ ತೆರೆದವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ನಾಯಿಯೂ ಕೂತಿತು.

ಮೌನ ಎಂದರೆ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟೊಂದು ಜನಕ್ಕೆ ಕೊಟ್ಟಿದ್ದೇನೆ, ಒಂದು ಸಲವೂ ಒಳಗೆ ಕೂತು ನೋಡಿರಲಿಲ್ಲ. ಎಷ್ಟು ಹೊತ್ತು ಇರುತ್ತದೆ ಅದು. ಏನನ್ನೂ ಮುಚ್ಚಿಡುವುದಿಲ್ಲ.

ಡೆನಿಸ್‌ನ ಅಂತ್ಯಕ್ರಿಯೆಯನ್ನು ಕಳೆದ ಜೂನ್‌ನಲ್ಲಿ ನಾನೇ ನಡೆಸಿಕೊಟ್ಟೆ. ಬೇರೆಯವರು ಬೇಡ, ನನಗೆ ಬರುವ ಕೆಲಸವಲ್ಲವೇ ಎಂದೆ. ನಲವತ್ತು ನಿಮಿಷ, ಒಂದು ಮಾತು ತಡವರಿಸಲಿಲ್ಲ, ಎಲ್ಲರೂ ಮೆಚ್ಚಿಕೊಂಡರು. ಭಾಷಣ ಇತ್ತು, ಹಾಡು ಇತ್ತು, ದೋಣಿಯ ಚಿತ್ರ ಇತ್ತು. ಎಲ್ಲೂ ಬಿಡುವಿರಲಿಲ್ಲ. ಹಾಳೆ ಬರೆದವಳು ನಾನೇ, ಮೌನ ಇಡದವಳೂ ನಾನೇ.

ಇದು ಕುರ್ಚಿಯಲ್ಲಿ ಕೂತಾಗ ಬಂತು. ಮೂಗು ಸೋರಲು ಶುರುವಾಯಿತು, ಕರವಸ್ತ್ರ ಕಾರಿನಲ್ಲಿತ್ತು. ಕೋಟಿನ ತೋಳಿನಿಂದ ಒರೆಸಿಕೊಂಡೆ, ಆಲ್ಬಿ ಇಲ್ಲದ ತೋಳು ಹುಡುಕಿ.

ಸುಮಾರು ಹೊತ್ತಾದ ಮೇಲೆ ಪೆಟ್ರೀನಾ ಗಡಿಯಾರ ನೋಡಿದಳು.

"ಹನ್ನೊಂದು ನಿಮಿಷ ಆಯ್ತು" ಎಂದಳು. "ಏಳೋಣ್ವಾ?"

"ಇನ್ನೊಂಚೂರು" ಎಂದೆ.

ಅವಳು ನನ್ನ ಕಡೆ ತಿರುಗಿ ನೋಡಿದಳು. ಅವತ್ತು ಬಾಗಿಲಲ್ಲಿ ನೋಡಿದ ಹಾಗಲ್ಲ.

"ನಿಮ್ಮದು ಯಾರು?"

"ಡೆನಿಸ್."

"ಹೂಂ" ಎಂದು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡಳು.

ಅಷ್ಟರಲ್ಲಿ ನೀರು ಏರುತ್ತಿತ್ತು. ಮೊದಲ ಅಲೆ ಕುರ್ಚಿಯ ಕಾಲಿನವರೆಗೆ ಬಂದು ಹೋಯಿತು, ಎರಡನೆಯದು ಹೋಗಲಿಲ್ಲ. ನಾಯಿಯ ಮನುಷ್ಯನ ಬೂಟು ನೆನೆಯಿತು, ಅವನು ಟೋಪಿ ಹಿಡಿದೇ ನಿಂತಿದ್ದ. ನಾವಿಬ್ಬರೂ ಒಟ್ಟಿಗೇ ಕಾಲು ಮೇಲಕ್ಕೆತ್ತಿ ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡೆವು.